ಸುಸ್ತಿಗೆ ಅಂತ ಕುಡಿದ ಜೇಷ್ಠಮಧು ಕಷಾಯವೇ ನನ್ನನ್ನು ಮಲಗಿಸಿತು

ವೈರಲ್ ಜ್ವರ ಬಿಟ್ಟು ವಾರಗಳಾದರೂ ಸುಸ್ತು ಹೋಗಿಲ್ಲ, ಏನಾದರೂ ಬೇರು, ಪುಡಿ, ಕಷಾಯ ಶುರು ಮಾಡೋಣ ಅಂತ ಯೋಚಿಸುತ್ತಿದ್ದೀರಾ? ದಯವಿಟ್ಟು ಮೊದಲು ಇದನ್ನು ಓದಿ. ಈಗಾಗಲೇ ದಿನಾ ಜೇಷ್ಠಮಧು ತೆಗೆದುಕೊಳ್ಳುತ್ತಿದ್ದರಂತೂ ಖಂಡಿತ ಓದಿ. ಅತಿಮಧುರ, ಯಷ್ಟಿಮಧು ಅಂತ ಇರುವುದೂ ಇದೇ ಬೇರು.

ನನಗೆ ಜ್ವರ ಇದ್ದದ್ದು ಐದೇ ದಿನ. ಹತ್ತನೇ ದಿನ ಕೆಲಸಕ್ಕೂ ಹೋದೆ. ಆದರೆ ಮಧ್ಯಾಹ್ನ ಆಗುವಷ್ಟರಲ್ಲಿ ಕೈಕಾಲು ಸೋತುಹೋಗುತ್ತಿತ್ತು. ಸ್ನಾನ ಮಾಡಿ ಬಂದರೆ ಹತ್ತು ನಿಮಿಷ ಕೂತು ಸುಧಾರಿಸಿಕೊಳ್ಳಬೇಕು. ಓದಿದ ಸಾಲು ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ಪರವಾಗಿಲ್ಲ ಅನಿಸಿತು ಅಂತ ಬಾಕಿ ಉಳಿದ ಮನೆಕೆಲಸವನ್ನೆಲ್ಲ ಮುಗಿಸಿದರೆ, ಮುಂದಿನ ಎರಡು ದಿನ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. "ವೈರಲ್ ಆದ ಮೇಲೆ ಹೀಗಾಗುತ್ತೆ, ಸ್ವಲ್ಪ ದಿನ ಬೇಕು" ಅಂದರು ಡಾಕ್ಟರು. ಅವರು ಹೇಳಿದ್ದು ಸರಿಯೇ. ಆದರೆ ಮೂರನೇ ವಾರಕ್ಕೆ ನನ್ನ ತಾಳ್ಮೆ ಮುಗಿದಿತ್ತು.

ಹುಡುಕಿದಾಗ ಎಲ್ಲ ಕಡೆ ಒಂದೇ ಮಾತು. ಕಾಯಿಲೆಯಿಂದ ಅಡ್ರಿನಲ್ ಗ್ರಂಥಿ (ಮೂತ್ರಪಿಂಡದ ಮೇಲಿರುವ, ಹಾರ್ಮೋನು ತಯಾರಿಸುವ ಗ್ರಂಥಿ) ದಣಿದಿರುತ್ತೆ, ಜೇಷ್ಠಮಧು ಅದಕ್ಕೆ ಶಕ್ತಿ ಕೊಡುತ್ತೆ ಅಂತ. ಗ್ರಂಥಿಗಳ ತಜ್ಞರು ಈ 'ಅಡ್ರಿನಲ್ ದಣಿವು' ಅನ್ನುವುದನ್ನು ಒಂದು ಕಾಯಿಲೆ ಅಂತಲೇ ಒಪ್ಪುವುದಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಆಮೇಲೆ. ಗಂಟಲು ಕೆರೆತವೂ ಉಳಿದಿತ್ತು, ಒಂದೇ ಬೇರಿಗೆ ಎರಡೂ ವಾಸಿಯಾಗುತ್ತಲ್ಲ ಅನಿಸಿತು. ಬೆಳಿಗ್ಗೆ ಎರಡು ಚಮಚ, ಸಂಜೆ ಎರಡು ಚಮಚ ಪುಡಿ ಕುದಿಸಿ ಕುಡಿಯಲು ಶುರು ಮಾಡಿದೆ. ಜೊತೆಗೆ ಶಕ್ತಿ ಬರುತ್ತೆ ಅಂತ ಒಂದು ಮೂಲಿಕೆ ಮಾತ್ರೆ. ಅದರಲ್ಲೂ ಜೇಷ್ಠಮಧು ಇತ್ತು, ನಾನು ಲೇಬಲ್ ಓದಿರಲಿಲ್ಲ.

ಮೊದಲ ವಾರ ನಿಜವಾಗಿಯೂ ಚೆನ್ನಾಗಿತ್ತು. ಎರಡನೇ ವಾರದಿಂದ ರಾತ್ರಿ ಮೀನಖಂಡ ಹಿಡಿದುಕೊಳ್ಳತೊಡಗಿತು. ಸಂಜೆಗೆ ಪಾದ ಊದಿಕೊಳ್ಳುತ್ತಿತ್ತು. ತಲೆನೋವು, ಮಲಬದ್ಧತೆ, ಮತ್ತೆ ಸುಸ್ತು. ಕಾಯಿಲೆ ಇನ್ನೂ ಪೂರ್ತಿ ಬಿಟ್ಟಿಲ್ಲ ಅಂದುಕೊಂಡು ಮಧ್ಯಾಹ್ನವೂ ಒಂದು ಲೋಟ ಸೇರಿಸಿದೆ. ಸುಸ್ತಿಗೆ ಅಂತ ಕುಡಿಯುವುದು, ಕುಡಿದದ್ದರಿಂದ ಇನ್ನಷ್ಟು ಸುಸ್ತು, ಸುಸ್ತು ಜಾಸ್ತಿ ಆಯಿತಲ್ಲ ಅಂತ ಇನ್ನಷ್ಟು ಕುಡಿಯುವುದು. ಹೀಗೇ ಐದು ವಾರ.

ಒಂದು ದಿನ ಮೆಟ್ಟಿಲ ಹತ್ತಿರ ನಿಂತಿದ್ದೇನೆ, ಕಾಲು ಮೇಲಕ್ಕೆ ಏಳುತ್ತಿಲ್ಲ. ನೋವಿಲ್ಲ, ಜೋಮು ಇಲ್ಲ, ತೊಡೆಯಲ್ಲಿ ಬಲವೇ ಇಲ್ಲ. ಎದೆಬಡಿತ ಮಧ್ಯೆ ಮಧ್ಯೆ ತಪ್ಪುತ್ತಿತ್ತು. ತಂಗಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬಿಪಿ 170/104. ಹಿಂದೆ ಎಂದೂ ನನಗೆ ಬಿಪಿ ಇರಲಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ 2.6, ಸಾಮಾನ್ಯವಾಗಿ 3.5ರಿಂದ 5ರವರೆಗೆ ಇರಬೇಕು. ಇಸಿಜಿಯಲ್ಲೂ ವ್ಯತ್ಯಾಸ ಕಂಡಿತು, ಅಡ್ಮಿಟ್ ಮಾಡಿಕೊಂಡರು.

"ಬೇರೆ ಏನಾದರೂ ಔಷಧಿ ತಗೊಳ್ತಿದ್ದೀರಾ?" ಅಂತ ಇಬ್ಬರು ಕೇಳಿದರು. ಇಬ್ಬರಿಗೂ ಇಲ್ಲ ಅಂದೆ. ಸುಳ್ಳು ಹೇಳಬೇಕು ಅಂತಲ್ಲ, ಕಷಾಯವನ್ನು ನಾನು ಔಷಧಿಯ ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಮೇಲೆ ಒಬ್ಬ ನರ್ಸ್ ಬಂದು "ಕಷಾಯ, ಪುಡಿ, ಬೇರು ಏನಾದ್ರೂ?" ಅಂತ ಬಿಡಿಸಿ ಕೇಳಿದರು. ಆಗ ಬಾಯಿಬಿಟ್ಟೆ. ಅವರು ಹಾಗೆ ಕೇಳದಿದ್ದರೆ ಇನ್ನೂ ಎಷ್ಟು ಟೆಸ್ಟ್ ಆಗುತ್ತಿತ್ತೋ, ಮನೆಗೆ ಹೋಗಿ ಮತ್ತೆ ಅದನ್ನೇ ಕುಡಿಯುತ್ತಿದ್ದೆನೋ ಏನೋ.

ಆಗುವುದು ಹೀಗೆ. ಜೇಷ್ಠಮಧುವಿನಲ್ಲಿ ಗ್ಲಿಸಿರೈಜಿನ್ ಅನ್ನುವ ಅಂಶ ಇದೆ, ಆ ಸಿಹಿ ಬರುವುದೇ ಅದರಿಂದ. ನಮ್ಮ ಮೈಯಲ್ಲಿರುವ ಕಾರ್ಟಿಸಾಲ್ ಹಾರ್ಮೋನು ಮೂತ್ರಪಿಂಡದಲ್ಲಿ ಉಪ್ಪನ್ನು ಹಿಡಿದಿಡುವ ಬೇರೊಂದು ಹಾರ್ಮೋನಿನ ಕೆಲಸ ಮಾಡದಂತೆ ತಡೆಯುವ ಒಂದು ಕಿಣ್ವ (ಎಂಜೈಮ್) ಇರುತ್ತೆ. ಗ್ಲಿಸಿರೈಜಿನ್ ಆ ಕಿಣ್ವವನ್ನೇ ಕಟ್ಟಿಹಾಕುತ್ತೆ. ಆಗ ಉಪ್ಪು, ನೀರು ಮೈಯಲ್ಲೇ ಉಳಿದು ಬಿಪಿ ಏರುತ್ತೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೊರಟುಹೋಗುತ್ತೆ. ಪೊಟ್ಯಾಸಿಯಂ ತುಂಬಾ ಇಳಿದರೆ ಸ್ನಾಯು ಸೋಲುತ್ತೆ, ಹೃದಯದ ಬಡಿತವೂ ಕೆಡಬಹುದು. ದಿನಾ ತೆಗೆದುಕೊಳ್ಳುವವರಿಗೆ ಗ್ಲಿಸಿರೈಜಿನ್ ದಿನಕ್ಕೆ 100 ಮಿಲಿಗ್ರಾಂ ದಾಟಬಾರದು ಅಂತ ಯುರೋಪಿನ ಆಹಾರ ತಜ್ಞರ ಸಮಿತಿ ಹೇಳಿದೆ. ನನ್ನ ಲೋಟಗಳಲ್ಲಿ ಅದರ ಎಷ್ಟೋ ಪಟ್ಟು ಹೋಗಿರಬೇಕು. ನಿಲ್ಲಿಸಿದ ತಕ್ಷಣ ಎಲ್ಲ ಸರಿಹೋಗಲೂ ಇಲ್ಲ, ಬಿಪಿ ಇಳಿಯಲು ಇನ್ನೂ ಎರಡು ವಾರ ಬೇಕಾಯಿತು.

ಬೇರೆ ಮೂಲಿಕೆಗಳಾದರೆ ಪರವಾಗಿಲ್ಲ ಅನ್ನಬೇಡಿ. ಸುಸ್ತಿಗೆ ಎಲ್ಲರೂ ಹೇಳುವ ಅಶ್ವಗಂಧದಿಂದ ಕೆಲವರಿಗೆ ಲಿವರ್‌ಗೆ ಪೆಟ್ಟಾಗಿ ಕಾಮಾಲೆ ಬಂದದ್ದು ವೈದ್ಯರು ದಾಖಲಿಸಿದ್ದಾರೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಅಮೃತಬಳ್ಳಿ ತೆಗೆದುಕೊಂಡವರಲ್ಲೂ ಲಿವರ್ ತೊಂದರೆಯ ವರದಿಗಳಿವೆ. ಹೀಗಾಗುವುದು ಅಪರೂಪ, ನಿಜ. ಆದರೆ ಲಿವರ್ ಕೆಟ್ಟಾಗ ಮೊದಲು ಕಾಣುವುದೂ ಸುಸ್ತೇ ಅಲ್ವಾ? ಹಳೆಯ ಸುಸ್ತು ಯಾವುದು, ಹೊಸದು ಯಾವುದು ಅಂತ ಒಳಗಿರುವ ನಮಗೆ ಗೊತ್ತಾಗುವುದಿಲ್ಲ. ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮೈ ಸುಮ್ನೆ ತುರಿಸಿದರೆ ಕಾಯಬೇಡಿ. ಅಶ್ವಗಂಧ ಥೈರಾಯ್ಡ್ ಹಾರ್ಮೋನಿನ ಮಟ್ಟವನ್ನೂ ಏರಿಸಬಹುದು. ಸುಸ್ತಿಗೆ ಕಾರಣ ಹುಡುಕುವಾಗ ಥೈರಾಯ್ಡ್ ಟೆಸ್ಟ್ ಮಾಡಿಸುತ್ತಾರಲ್ಲ, ಆ ರಿಪೋರ್ಟೇ ದಾರಿ ತಪ್ಪಿಸಬಹುದು.

ನಾನು ಮಾಡಿದ ಇನ್ನೊಂದು ತಪ್ಪು, ಕಷಾಯವನ್ನೂ ಮಾತ್ರೆಯನ್ನೂ ಒಂದೇ ದಿನ ಶುರು ಮಾಡಿದ್ದು. ಯಾವುದು ಏನು ಮಾಡಿತು ಅಂತ ಹೇಳುವ ದಾರಿಯೇ ಉಳಿಯಲಿಲ್ಲ. ಮೊದಲೇ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ನೋಡಿಸಿಕೊಳ್ಳಬೇಕಿತ್ತು. ಆಮೇಲೆ ನೋಡಿಸಿದಾಗ ಬಿ12 ಕಡಿಮೆ ಇತ್ತು.

ಈಗ ನಾಲ್ಕನೇ ತಿಂಗಳು. ಮೂಲ ಸುಸ್ತು ನಿಧಾನವಾಗಿ ಇಳಿಯುತ್ತಿದೆ. ಸುಸ್ತಾಗುವ ಮೊದಲೇ ಕೂರುತ್ತೇನೆ, ಚೆನ್ನಾಗಿರುವ ದಿನವೂ ಅರ್ಧ ಕೆಲಸಕ್ಕೇ ನಿಲ್ಲಿಸುತ್ತೇನೆ. ಅದು ಕಷ್ಟ, ಅದರಲ್ಲೂ ಚೆನ್ನಾಗಿರುವ ದಿನ ತುಂಬಾ ಕಷ್ಟ. ಆದರೆ ಎರಡು ದಿನ ಮಲಗುವುದು ತಪ್ಪಿದೆ.

ಗಂಟಲಿಗೆ ಅಂತ ಒಂದೆರಡು ದಿನ ಚೂರು ಬೇರು ಅಗಿದವರು ಗಾಬರಿಯಾಗಬೇಡಿ. ವಾರಗಟ್ಟಲೆ ಕುಡಿಯುತ್ತಿರುವವರಿಗೆ ನಾನು ಹೇಳುತ್ತಿರುವುದು. ಬಿಪಿ ಇರುವವರು, ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ ಅಥವಾ ಹೃದಯದ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಈ ಬೇರಿನ ಕಷಾಯವನ್ನು ಇವತ್ತೇ ನಿಲ್ಲಿಸಿ. ಕೈಕಾಲಿನ ಬಲ ಕಡಿಮೆಯಾಗಿದ್ದರೆ ಅಥವಾ ಎದೆಬಡಿತ ತಪ್ಪುತ್ತಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ ಪೊಟ್ಯಾಸಿಯಂ ನೋಡಿಸಿಕೊಳ್ಳಿ, ಹೋಗುವಾಗ ಡಬ್ಬಿಯನ್ನೂ ಪುಡಿಯ ಪೊಟ್ಟಣವನ್ನೂ ಜೊತೆಗೆ ತೆಗೆದುಕೊಂಡು ಹೋಗಿ ತೋರಿಸಿ.