ಬ್ಯಾಟರಿ ಬದಲಿಸುವ ಮುಂಚೆ ಈ 250 ರೂಪಾಯಿ ಮೀಟರ್ ತಗೊಳ್ಳಿ

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ತಂದ ಹಳದಿ ಬಣ್ಣದ ಮಲ್ಟಿಮೀಟರ್ ಇದು, ವೋಲ್ಟ್ ಅಳೆಯುವ ಡಬ್ಬಿ. ಎರಡು ವರ್ಷದಿಂದ ಡಿಕ್ಕಿಯಲ್ಲೇ ಬಿದ್ದಿದೆ. ಕಂಪನಿ ಹೆಸರು ಹೇಳಿ ಪ್ರಯೋಜನವಿಲ್ಲ, ಇಂಥದ್ದೇ ಡಬ್ಬಿ ಹತ್ತಾರು ಹೆಸರಲ್ಲಿ ಸಿಗುತ್ತದೆ.

ತಂದಿದ್ದು ಸಿಟ್ಟಿನಲ್ಲಿ. ನನ್ನ ಹಳೇ ಆಲ್ಟೊ ಬೆಳಗ್ಗೆ ಸೆಲ್ಫ್ ತಗೊಳ್ತಿರಲಿಲ್ಲ. ಮನೆ ಹತ್ತಿರದ ಅಂಗಡಿಯವರು ಬಾನೆಟ್ ಎತ್ತಿ ಒಂದು ಸಲ ಇಣುಕಿ "ಬ್ಯಾಟರಿ ಹೋಗಿದೆ ಸಾರ್" ಎಂದರು, ಹೊಸದು ಹಾಕಿಸಿದೆ, ಮೂರೂವರೆ ಸಾವಿರ ಹೋಯಿತು, ಹತ್ತೇ ದಿನಕ್ಕೆ ಮತ್ತೆ ಅದೇ ಟಿಕ್ ಟಿಕ್.

ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ ಇಟ್ಟರೆ ಆಯಿತು. ರಾತ್ರಿ ನಿಂತ ಗಾಡಿಯಲ್ಲಿ 12.6 ಬಂದರೆ ಬ್ಯಾಟರಿ ಫುಲ್, 12.2 ಅಂದರೆ ಅರ್ಧ. ನನ್ನದು 11.8. ಪಕ್ಕದ ಮನೆಯವರ ಕಾರಿನ ಬ್ಯಾಟರಿಯಿಂದ ಕೇಬಲ್ ಎಳೆದು ಸ್ಟಾರ್ಟ್ ಮಾಡಿ, ಕೇಬಲ್ ತೆಗೆದು, ಎಂಜಿನ್ ಆನ್ ಇದ್ದಾಗಲೇ ಮತ್ತೆ ಅಳೆದೆ. 13.8ರಿಂದ 14.5ರೊಳಗೆ ಬರಬೇಕು. ಬಂದಿದ್ದು 12.1. ಹೆಡ್‌ಲೈಟ್ ಹಾಕಿದೆ ನೋಡಿ, ಕಣ್ಣೆದುರೇ 11.9ಕ್ಕೆ ಇಳಿಯಿತು. ಗಾಡಿ ಓಡಿದಷ್ಟು ಹೊತ್ತೂ ಬ್ಯಾಟರಿ ಖಾಲಿಯಾಗುತ್ತಲೇ ಇತ್ತು, ವಾಪಸ್ ಏನೂ ತುಂಬುತ್ತಿರಲಿಲ್ಲ. ಅಂದರೆ ತಪ್ಪು ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನದು, ಮೆಕ್ಯಾನಿಕ್‌ಗಳು ಡೈನಮೋ ಅಂತಾರಲ್ಲ, ಅದೇ.

ಅದನ್ನು ತಿರುಗಿಸುವ ಬೆಲ್ಟ್ ಬಿಗಿಯಾಗೇ ಇತ್ತು. ಎಲೆಕ್ಟ್ರಿಷಿಯನ್ ಡೈನಮೋ ಬಿಚ್ಚಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದು ಕಡಲೆಬೇಳೆಯಷ್ಟಾಗಿತ್ತು. ಕೂಲಿ ಸೇರಿ 900 ರೂಪಾಯಿ. ಈಗ 14.2 ತೋರಿಸುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ಲೈಟ್ ಉರಿಯಬೇಕಿತ್ತಲ್ವಾ ಅಂತ ಕೇಳಬಹುದು. ಆ ಬಲ್ಬೇ ಸತ್ತಿತ್ತು, ಅದನ್ನೂ ಹಾಕಿಸಿದೆ. ಕೀ ತಿರುಗಿಸಿದಾಗ ಅದು ನಿಮ್ಮ ಗಾಡಿಯಲ್ಲಿ ಹೊತ್ತುತ್ತಾ, ಒಮ್ಮೆ ನೋಡಿ. ಇನ್ನು ಹೊಸ ಕೆಲವು ಕಾರುಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರೇ ಏರಿಸಿ ಇಳಿಸುತ್ತದೆ, ಅಲ್ಲಿ ಒಂದು ಸಲ ಕಮ್ಮಿ ತೋರಿಸಿತು ಅಂತ ಡೈನಮೋ ಬಿಚ್ಚಿಸಬೇಡಿ.

ಮೀಟರ್‌ನ ದೋಷಗಳೂ ಇವೆ. ವೈರ್ ದಾರದಷ್ಟು ತೆಳು, ಒಂದು ಕಡ್ಡಿ ಕಿತ್ತುಬಂತು, ಬೆಸುಗೆ ಹಾಕಿಕೊಂಡೆ. ಕರೆಂಟ್ ಅಳೆಯುವ 10 ಆಂಪ್ ತೂತಿಗೆ ಫ್ಯೂಸೇ ಇಲ್ಲ. ಕೆಂಪು ವೈರ್ ಅಲ್ಲೇ ಮರೆತು ಬ್ಯಾಟರಿಗೆ ಮುಟ್ಟಿಸಿದರೆ ನೇರ ಶಾರ್ಟ್, ಕೈ ಸುಟ್ಟೀತು.

ಎಲ್ಲಕ್ಕಿಂತ ತಮಾಷೆ, ಮೀಟರ್ ಒಳಗಿನ 9 ವೋಲ್ಟ್ ಬ್ಯಾಟರಿ ವೀಕಾದರೆ ಲೆಕ್ಕ ಜಾಸ್ತಿ ತೋರಿಸುತ್ತದೆ. ಒಂದು ದಿನ 16.3 ಬಂತು. ಡೈನಮೋ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿ ಓವರ್‌ಚಾರ್ಜ್ ಆಗ್ತಿದೆ ಅಂತ ಗಾಬರಿಯಾಗಿ ಎಲೆಕ್ಟ್ರಿಷಿಯನ್ ಹತ್ತಿರ ಓಡಿದೆ. ಅವರ ಮೀಟರಲ್ಲಿ ಅದೇ 14.2. ನನ್ನ ಮುಖ ನೋಡಿ ನಕ್ಕರು, ದುಡ್ಡು ತಗೊಳ್ಳಲಿಲ್ಲ.

ನಾಲ್ಕು ಸ್ಟಾರ್. ತಗೊಳ್ಳುವಾಗ ಜೊತೆಗೇ ಒಂದು ಒಳ್ಳೆ 9 ವೋಲ್ಟ್ ಬ್ಯಾಟರಿ ತಗೊಂಡುಬಿಡಿ.