ನೀರಿನಲ್ಲಿ ಹರಡುವ ಡೈ ಇಂಕ್ ಪ್ಯಾಡ್‌ಗಳು: ಮೂರು ವರ್ಷಗಳ ಬಳಕೆಯ ಅನಂತರ

ನೀರು ಸೋಕಿದೊಡನೆ ಮತ್ತೆ ಕರಗಿ ಹರಡುವ ಹನ್ನೆರಡು ಬಣ್ಣಗಳ ಡೈ ಇಂಕ್ ಪ್ಯಾಡ್‌ಗಳನ್ನು ಮೂರು ವರ್ಷಗಳಿಂದ ಕೈಯಿಂದ ಮಾಡುವ ಶುಭಾಶಯ ಪತ್ರಗಳಿಗೆ ಬಳಸುತ್ತಿದ್ದೇನೆ. ಅಚ್ಚೊತ್ತುವುದಕ್ಕೆಂದು ಕೊಂಡ ಇವು ಈಗ ನನ್ನ ಜಲವರ್ಣದ ಪೆಟ್ಟಿಗೆಯ ಕೆಲಸವನ್ನೂ ಮಾಡುತ್ತಿವೆ.

ಮೊದಲ ಕೆಲವು ತಿಂಗಳು ಫಲಿತಾಂಶ ಸಮಾಧಾನ ತರಲಿಲ್ಲ. ನುಣುಪಾದ ಸಾಮಾನ್ಯ ಕಾರ್ಡ್ ಹಾಳೆಯ ಮೇಲೆ ಬಣ್ಣ ಬಿದ್ದಲ್ಲಿಯೇ ಇಂಗಿ ಕಲೆಗಟ್ಟುತ್ತಿತ್ತು, ಎರಡನೆಯ ಸಲ ಕುಂಚ ಎಳೆದರೆ ಕಾಗದದ ನಾರು ಎದ್ದು ಬರುತ್ತಿತ್ತು. ಇಂಕಿನ ದೋಷವೆಂದು ನಾನು ಭಾವಿಸಿದ್ದೆಲ್ಲ ಕಾಗದದ ದೋಷವಾಗಿತ್ತು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ ಜಲವರ್ಣ ಕಾಗದಕ್ಕೆ ಅಂಟಿನ ಲೇಪವಿರುವುದರಿಂದ ನೀರು ಸ್ವಲ್ಪ ಹೊತ್ತು ಮೇಲ್ಮೈಯಲ್ಲೇ ನಿಲ್ಲುತ್ತದೆ, ಬಣ್ಣಕ್ಕೆ ಚಲಿಸಲು ಅವಕಾಶ ಸಿಗುತ್ತದೆ. ತೆಳು ಗೆರೆಗಳ ಅಚ್ಚಿಗೆ ನುಣುಪಾದ ಹಾಟ್ ಪ್ರೆಸ್ ಕಾಗದವೇ ಸರಿ. ಕೋಲ್ಡ್ ಪ್ರೆಸ್ಸಿನ ತರಿಯಲ್ಲಿ ಗೆರೆ ತುಂಡಾಗುತ್ತದೆ.

ಹೊರಗೆರೆಗೆ ಇದೇ ಇಂಕನ್ನು ಬಳಸಿದರೆ ಕುಂಚ ತಾಗಿದಾಗ ಅದೂ ಕದಡುತ್ತದೆ. ಆದ್ದರಿಂದ ಒಣಗಿದ ಮೇಲೆ ನೀರಿಗೆ ಕರಗದ ವರ್ಸಾಫೈನ್ ಕಪ್ಪು ಪಿಗ್ಮೆಂಟ್ ಇಂಕಿನಿಂದ ಅಚ್ಚೊತ್ತಿ, ಹೀಟ್ ಗನ್ನಿನಿಂದ ಒಣಗಿಸಿ ಮುಂದುವರಿಯುತ್ತೇನೆ. ಅನಂತರ ಡೈ ಇಂಕಿನ ಪ್ಯಾಡನ್ನು ಅಕ್ರಿಲಿಕ್ ಬ್ಲಾಕಿನ (ಅಚ್ಚನ್ನು ಅಂಟಿಸಿ ಹಿಡಿಯುವ ಪಾರದರ್ಶಕ ಪ್ಲಾಸ್ಟಿಕ್ ತುಂಡಿನ) ಮೇಲೆ ಒತ್ತಿ, ಅಲ್ಲಿ ಉಳಿದ ಬಣ್ಣಕ್ಕೆ ಎರಡು ಹನಿ ನೀರು ಬೆರೆಸುತ್ತೇನೆ. ಹೂವಿನ ಒಂದು ಎಸಳನ್ನು ಮೊದಲು ಬರಿಯ ನೀರಿನಿಂದ ತೇವಗೊಳಿಸಿ ಬುಡದಲ್ಲಿ ಬಣ್ಣ ಮುಟ್ಟಿಸಿದರೆ, ಅದು ತಾನಾಗಿ ತುದಿಯತ್ತ ಸಾಗಿ ತೇವ ಮುಗಿದಲ್ಲಿ ನಿಲ್ಲುತ್ತದೆ. ಅಂಚಿನಲ್ಲಿ ನೀರು ಬೇಗ ಆರುವುದರಿಂದ ಒಳಗಿನ ನೀರು ಬಣ್ಣವನ್ನು ಹೊತ್ತು ಅತ್ತ ಹರಿದು, ಒಣಗಿದ ಮೇಲೆ ಒಂದು ಗಾಢ ಗೆರೆಯನ್ನು ಉಳಿಸುತ್ತದೆ. ಈ ಗೆರೆಯೇ ಪತ್ರಕ್ಕೆ ಜಲವರ್ಣದ ನಿಜವಾದ ಚಹರೆಯನ್ನು ಕೊಡುತ್ತದೆ.

ನನಗೆ ಅತ್ಯಂತ ಪ್ರಿಯವಾದದ್ದು ಬೂದು ಬಣ್ಣದ ಪ್ಯಾಡ್. ಅದು ಹಲವು ಡೈಗಳ ಮಿಶ್ರಣವಾದ್ದರಿಂದ, ಧಾರಾಳವಾಗಿ ನೀರು ಕೊಟ್ಟಾಗ ಒಂದೊಂದು ಡೈ ಒಂದೊಂದು ವೇಗದಲ್ಲಿ ಸರಿದು, ಮೋಡದ ಅಂಚಿನಲ್ಲಿ ನೀಲಿಯೂ ನಸುಗೆಂಪೂ ಬೇರೆಬೇರೆಯಾಗಿ ಕಾಣಿಸಿಕೊಳ್ಳುತ್ತವೆ. ಯಾವ ಎರಡು ಪತ್ರಗಳಲ್ಲಿಯೂ ಇದು ಒಂದೇ ರೀತಿ ಬಂದಿಲ್ಲ.

ಕೊರತೆಗಳೂ ಇವೆ. ಒಣಗಿದ ಪದರ ಮತ್ತೆ ಕರಗುವುದರಿಂದ ಬಣ್ಣದ ಮೇಲೆ ಬಣ್ಣ ಹಚ್ಚುವಾಗ ಕುಂಚ ಹಗುರವಾಗಿರಬೇಕು. ಬೆಳಕನ್ನು ಈ ಡೈ ತಾಳುವುದಿಲ್ಲ: ಕಿಟಕಿಯ ಬಳಿ ಚೌಕಟ್ಟಿನಲ್ಲಿಟ್ಟ ಪತ್ರವೊಂದರ ಗುಲಾಬಿ ಬಣ್ಣ ಒಂದು ವರ್ಷದೊಳಗೆ ಬಹುಪಾಲು ಮಾಸಿತು. ಲಕೋಟೆಯಲ್ಲಿ ಹೋಗುವ ಪತ್ರಕ್ಕೆ ಇದರಿಂದ ತೊಂದರೆಯಿಲ್ಲ, ಗೋಡೆಗೆ ತೂಗುಹಾಕುವ ಕೃತಿಗೆ ಮಾತ್ರ ನಾನು ಪಿಗ್ಮೆಂಟ್ ಬಣ್ಣವನ್ನೇ ಆರಿಸುತ್ತೇನೆ. ಪ್ಯಾಡ್‌ಗಳು ಬೇಗ ಒಣಗುತ್ತವೆ ಎಂಬ ಆತಂಕ ಬೇಡ. ಮುಚ್ಚಳ ಬಿಗಿಯಾಗಿದ್ದರೆ ಸಾಕು. ನಾನು ಇದುವರೆಗೆ ಮರುಪೂರಣ ಇಂಕ್ ಹಾಕಿದ್ದು ಆ ಬೂದು ಪ್ಯಾಡಿಗೆ ಮಾತ್ರ, ಅದೂ ಎರಡು ಬಾರಿ.