ಇಲ್ಲದ ಬಸ್ಸಿಗೆ ಮೂರು ಬಾಡಿ

ನನ್ನ ಮೇಜಿನ ಮೇಲೆ ಒಂದೇ ಪುಟಾಣಿ ಮಾಡೆಲ್ ಬಸ್ಸಿನ ಮೂರು ಬಾಡಿ ಸಾಲಾಗಿ ನಿಂತಿವೆ. ಒಂದು ಲೋಹದ್ದು, ಒಂದು ರೆಸಿನ್‌ನದು, ಇನ್ನೊಂದು ಪ್ಲಾಸ್ಟಿಕ್ ಹಾಳೆಯದು. ತಮಾಷೆ ಏನೆಂದರೆ, ಈ ಬಸ್ಸು ಯಾವ ರಸ್ತೆಯಲ್ಲೂ ಓಡಿದ್ದಿಲ್ಲ. ಇದರ ನಕ್ಷೆ ಯಾವ ಕಪಾಟಿನಲ್ಲೂ ಸಿಗುವುದಿಲ್ಲ. ಇದು ನಾನೇ ಹುಟ್ಟಿಸಿದ ಡಬಲ್ ಡೆಕ್ಕರ್ ಟ್ರಾಲಿ ಬಸ್ಸು, ಅಂದರೆ ಚಾವಣಿಯ ಕೋಲುಗಳಿಂದ ಮೇಲಿನ ತಂತಿಯ ಕರೆಂಟು ಪಡೆದು ಓಡುವ ಬಸ್ಸು.

ಕಥೆ ಶುರುವಾಗುವುದು 1954ರಲ್ಲಿ. ಲಂಡನ್ನಿನ ಟ್ರಾಲಿ ಬಸ್ಸುಗಳನ್ನು ತೆಗೆದು ಡೀಸೆಲ್ ಬಸ್ಸು ಹಾಕುವ ತೀರ್ಮಾನ ಹೊರಬಿದ್ದದ್ದು ಆ ವರ್ಷ. ರೂಟ್‌ಮಾಸ್ಟರ್ ಎಂಬ ಲಂಡನ್ನಿನ ಕೆಂಪು ಡಬಲ್ ಡೆಕ್ಕರ್ ಡೀಸೆಲ್ ಬಸ್ಸಿನ ಮೊದಲ ಮಾದರಿ ಜನರ ಕಣ್ಣಿಗೆ ಬಿದ್ದದ್ದೂ ಅದೇ ವರ್ಷ. 1962ರ ಮೇ 8 ಅಲ್ಲಿ ಟ್ರಾಲಿ ಬಸ್ಸು ಓಡಿದ ಕೊನೆಯ ದಿನ. ಅಂದರೆ ಟ್ರಾಲಿ ಬಸ್ಸಿನ ಜಾಗ ಕಿತ್ತುಕೊಳ್ಳಲೆಂದೇ ರೂಟ್‌ಮಾಸ್ಟರ್ ಬಂತು. ಹಾಗಾದರೆ ಆ ರೂಟ್‌ಮಾಸ್ಟರ್ ತಲೆಯ ಮೇಲೇ ಎರಡು ಟ್ರಾಲಿ ಕೋಲು ಕೂರಿಸಿದರೆ? ಈ ಕಿಡಿಗೇಡಿ ಯೋಚನೆ ಬಂದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಕೋಲು ಅಂಟಿಸಿದರೆ ಟ್ರಾಲಿ ಬಸ್ಸು ಆಗಿಬಿಡುವುದಿಲ್ಲ, ಅದು ಗೊತ್ತಿತ್ತು. ಟ್ರಾಲಿ ಬಸ್ಸಿಗೆ ಎಂಜಿನ್ ಇಲ್ಲ, ಆದ್ದರಿಂದ ಮುಂದೆ ಬಾನೆಟ್ಟೂ ರೇಡಿಯೇಟರೂ ಬೇಕಿಲ್ಲ. ಮೋಟಾರು ಅಡಿಯಲ್ಲಿ ಕೂರುತ್ತದೆ. ಹಾಗಾಗಿ ರೂಟ್‌ಮಾಸ್ಟರಿನ ಬಾನೆಟ್ಟಿನ ಪಕ್ಕದಲ್ಲಿ ಡ್ರೈವರಿಗಷ್ಟೇ ಜಾಗವಿರುವ ಅರ್ಧ ಮುಖದ ಕ್ಯಾಬಿನ್ ಹೋಗಿ ಪೂರ್ತಿ ಅಗಲದ ಚಪ್ಪಟೆ ಮುಖ ಬರಬೇಕು. ಬಸ್ಸಿನ ಗುಣವೆಲ್ಲ ಇರುವುದು ಆ ಮುಖದಲ್ಲೇ. ಮೂರು ಬಾಡಿಗಳ ನಡುವೆ ಸೋಲು ಗೆಲುವು ತೀರ್ಮಾನವಾದದ್ದೂ ಅಲ್ಲೇ.

ಅಳತೆ ಸುಲಭವಾಗಿತ್ತು. ಮೂಲ ರೂಟ್‌ಮಾಸ್ಟರ್ 27 ಅಡಿ 6 ಇಂಚು ಉದ್ದ, 8 ಅಡಿ ಅಗಲ. ನಾನು ಹಿಡಿದದ್ದು 1:76 ಸ್ಕೇಲು, ಅಂದರೆ ಒಂದು ಅಡಿಗೆ 4 ಮಿ.ಮೀ. ಬಸ್ಸಿನ ಉದ್ದ 110 ಮಿ.ಮೀ., ಅಗಲ 32 ಮಿ.ಮೀ. ಅಂಗೈ ಮೇಲೆ ಆರಾಮಾಗಿ ನಿಲ್ಲುತ್ತದೆ.

ಲೋಹದ ಬಾಡಿ

ಮೊದಲು ಸೋಮಾರಿಗಳ ದಾರಿ ಹಿಡಿದೆ. ಇದೇ ಸ್ಕೇಲಿನ ರೆಡಿಮೇಡ್ ಡೈಕಾಸ್ಟ್ ರೂಟ್‌ಮಾಸ್ಟರ್ ಒಂದನ್ನು ಕೊಯ್ದೆ. ತಳದ ರಿವೆಟ್ಟುಗಳ ತಲೆಯನ್ನು ಡ್ರಿಲ್ಲಿನಿಂದ ಹಾರಿಸಿದರೆ ಬಸ್ಸು ಪೂರ್ತಿ ಬಿಚ್ಚಿಕೊಳ್ಳುತ್ತದೆ. ಚಕ್ರ, ಸೀಟು, ಮೆಟ್ಟಿಲು, ಕಿಟಕಿ ಎಲ್ಲ ರೆಡಿ. ಬಾನೆಟ್ ಕತ್ತರಿಸಿ ಆ ಜಾಗದಲ್ಲಿ ಪ್ಲಾಸ್ಟಿಕ್ಕಿನ ಹೊಸ ಮುಖ ಕೂರಿಸಿದರೆ ಮುಗಿಯಿತು ಅಂದುಕೊಂಡಿದ್ದೆ.

ಡೈಕಾಸ್ಟ್ ಅಂದರೆ ಅಚ್ಚಿನಲ್ಲಿ ಎರಕ ಹೊಯ್ದದ್ದು, ಇಲ್ಲಿ ಸತುವಿನ ಮಿಶ್ರಲೋಹ. ಮೆತ್ತಗೆ ಕೊಯ್ಯುತ್ತದೆ, ಆದರೆ ಅರದ ಹಲ್ಲಿಗೆ ಅಂಟಿಕೊಂಡು ಪ್ರಾಣ ತಿನ್ನುತ್ತದೆ. ಹತ್ತು ಸಲ ಎಳೆದರೆ ಅರ ನುಣ್ಣಗಾಗಿ ಜಾರತೊಡಗುತ್ತದೆ. ಅದಕ್ಕೆ ಅರದ ಮೇಲೆ ಮೊದಲೇ ಸೀಮೆಸುಣ್ಣ ಉಜ್ಜಿಕೊಳ್ಳಬೇಕು, ಆಗ ಪುಡಿ ಅಷ್ಟು ಅಂಟುವುದಿಲ್ಲ. ಇದು ಗೊತ್ತಾಗುವ ಹೊತ್ತಿಗೆ ಒಂದು ಒಳ್ಳೆಯ ಅರ ಹಾಳಾಗಿತ್ತು.

ಎರಡನೇ ತಲೆನೋವು ಬೆಸೆಯುವುದು. ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ಪ್ಲಾಸ್ಟಿಕ್ ಸಿಮೆಂಟು ಲೋಹಕ್ಕೆ ಹಿಡಿಯುವುದಿಲ್ಲ, ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಅಂಟೇ ಬೇಕು. ಎಪಾಕ್ಸಿ ಹಾಕಿ, ಪುಟ್ಟಿ ತುಂಬಿ, ಉಜ್ಜಿ, ಕೆಂಪು ಬಣ್ಣ ಹೊಡೆದೆ. ಎರಡು ದಿನ ಚೆನ್ನಾಗೇ ಇತ್ತು. ಆಮೇಲೆ ಲೋಹ ಮತ್ತು ಪ್ಲಾಸ್ಟಿಕ್ ಸೇರುವ ಕಡೆ ಕೂದಲೆಳೆಯಷ್ಟು ಗೆರೆ ಮೇಲೆದ್ದಿತು. ಮತ್ತೆ ತುಂಬಿದೆ. ಮತ್ತೆ ಬಂತು.

ಆದರೆ ನನಗೆ ಬೇಸರವಾದದ್ದು ಗೆರೆಯಿಂದಲ್ಲ. ಮುಗಿದ ಬಸ್ಸನ್ನು ನೋಡಿದ ಗೆಳೆಯ ಒಂದೇ ಮಾತು ಹೇಳಿದ: "ರೂಟ್‌ಮಾಸ್ಟರಿಗೆ ಮುಖವಾಡ ಹಾಕಿದ್ದೀಯಲ್ಲೋ." ಸರಿಯಾದ ಮಾತು. ಪಕ್ಕದ ಕಿಟಕಿಗಳ ಸಾಲು ಮೂಲ ಬಸ್ಸಿನದೇ, ಮೇಲಂತಸ್ತಿನ ಹಣೆಯೂ ಅದರದೇ. ಬಾನೆಟ್ಟನ್ನು ನೆನೆಸಿಕೊಂಡು ಕಟ್ಟಿದ ಬಾಡಿ ಅದು. ಬಾನೆಟ್ ತೆಗೆದರೂ ಅದರ ನೆನಪು ಬಾಡಿಯಲ್ಲಿ ಉಳಿದಿತ್ತು.

ರೆಸಿನ್ ಬಾಡಿ

ಸರಿ, ಹಾಗಾದರೆ ಬುಡದಿಂದಲೇ ನನ್ನದೇ ಆಗಲಿ ಅಂತ ಕಂಪ್ಯೂಟರಿನಲ್ಲಿ ಬಿಡಿಸಿ 3ಡಿ ಪ್ರಿಂಟ್ ಮಾಡಿದೆ. ಪ್ರತಿ ರಾತ್ರಿ ಎರಡು ಗಂಟೆಯಂತೆ ಬಿಡಿಸಲು ಮೂರು ವಾರ ಹಿಡಿಯಿತು. ರೆಸಿನ್ ಅಂದರೆ ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವ; ಪ್ರಿಂಟರು ಅದನ್ನು ತೊಟ್ಟಿಯಲ್ಲಿ ಪದರ ಪದರವಾಗಿ ಗಟ್ಟಿ ಮಾಡುತ್ತದೆ. ಬಸ್ಸನ್ನು ಹಿಂಭಾಗದ ಮೇಲೆ ನೆಟ್ಟಗೆ ನಿಲ್ಲಿಸಿ ಪ್ರಿಂಟಿಗೆ ಕೊಟ್ಟೆ. ಪದರದ ದಪ್ಪ 0.05 ಮಿ.ಮೀ. ಅಂದರೆ 110 ಮಿ.ಮೀ. ಬಸ್ಸಿಗೆ 2,200 ಪದರ. ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ತೊಟ್ಟಿಯಿಂದ ಬಸ್ಸು ಎದ್ದು ಬಂದಿರುತ್ತದೆ. ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಮಳೆನೀರಿನ ಅಂಚು, ಬಾಗಿಲಿನ ಕೀಲು, ತಗಡಿನ ಮೇಲಿನ ಪಟ್ಟಿ, ಎಲ್ಲ ಉಗುರಿಗೆ ತಾಗುವಷ್ಟು ಚೊಕ್ಕವಾಗಿದ್ದವು. ಕೈಯಲ್ಲಿ ಇದನ್ನು ಮಾಡಲು ನನ್ನಿಂದ ಈ ಜನ್ಮದಲ್ಲಿ ಆಗುವುದಿಲ್ಲ.

ಎರಡು ಅಂತಸ್ತಿನ ಬಸ್ಸು ಪ್ರಿಂಟರಿನ ಕಣ್ಣಿಗೆ ತೆಳ್ಳನೆ ಗೋಡೆಯ ಟೊಳ್ಳು ಡಬ್ಬ. ನಡುವೆ ನೆಲ ಇಲ್ಲದಿದ್ದರೆ ಗೋಡೆ ಒಳಗೆ ಬಾಗುತ್ತದೆ. ನನ್ನ ಮೊದಲ ಪ್ರಿಂಟಿನ ಸೊಂಟ ಎರಡೂ ಕಡೆಯಿಂದ ಅರ್ಧ ಮಿ.ಮೀ. ಒಳಗೆ ಹೋಗಿತ್ತು. ಬರೀ ಕಣ್ಣಿಗೆ ಕಾಣಲಿಲ್ಲ. ಸ್ಕೇಲು ಇಟ್ಟಾಗ ನಡುವೆ ಬೆಳಕು ತೂರಿ ಬಂತು. ಮೇಲಂತಸ್ತಿನ ನೆಲವನ್ನೂ ಸೇರಿಸಿ ಪ್ರಿಂಟ್ ಮಾಡಿದ ಮೇಲೆ ಅದು ಸರಿಹೋಯಿತು.

ಪದರದ ಗೆರೆ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಪಕ್ಕದ ಗೋಡೆಯಲ್ಲಿ ಅದು ಲೆಕ್ಕಕ್ಕೇ ಇಲ್ಲ. ನಿಧಾನವಾಗಿ ಬಾಗುವ ಕಡೆ ಮಾತ್ರ, ಅಂದರೆ ಮುಂದಿನ ಹಣೆಯ ಉಬ್ಬಿನಲ್ಲಿ, ಭೂಪಟದಲ್ಲಿ ಬೆಟ್ಟಕ್ಕೆ ಎಳೆದ ಸುತ್ತುಗೆರೆಗಳ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಪ್ರೈಮರ್ ಹೊಡೆಯುವ ತನಕ ಗೊತ್ತಾಗುವುದಿಲ್ಲ, ಹೊಡೆದ ಮೇಲೆ ಅಡಗುವುದಿಲ್ಲ. ಸ್ಯಾಂಡ್ ಪೇಪರ್ ಹಿಡಿದು ಉಜ್ಜಬೇಕು. ಇನ್ನೊಂದು ಮಾತು. ಗಟ್ಟಿಯಾಗದ ರೆಸಿನ್ ಕೈಗೆ ತಾಗಬಾರದು, ಚರ್ಮಕ್ಕೆ ಅಲರ್ಜಿ ತರುತ್ತದೆ. ಗ್ಲೌಸ್ ಹಾಕದೆ, ಕಿಟಕಿ ತೆರೆಯದೆ ಈ ಕೆಲಸಕ್ಕೆ ಇಳಿಯಬೇಡಿ.

ಇಷ್ಟೆಲ್ಲ ಆದರೂ ಗೆಲ್ಲಬೇಕಾಗಿದ್ದದ್ದು ರೆಸಿನ್ನೇ. ಯಾಕೆ ಗೆಲ್ಲಲಿಲ್ಲ ಅಂದರೆ, ಮುಖ. ಸ್ಕ್ರೀನಿನ ಮೇಲೆ ಚೆಂದ ಕಂಡ ಮುಖ ಕೈಗೆ ಬಂದಾಗ ಪೆದ್ದುಪೆದ್ದಾಗಿತ್ತು. ಡ್ರೈವರಿನ ಗಾಜು ಒಂದೂವರೆ ಮಿ.ಮೀ. ಕೆಳಗೆ ಇಳಿಯಬೇಕಿತ್ತು. ಮತ್ತೆ ಬಿಡಿಸು, ಮತ್ತೆ ಪ್ರಿಂಟು, ಮತ್ತೆ ತೊಳೆ, ಮತ್ತೆ ಬೆಳಕಿನಲ್ಲಿ ಗಟ್ಟಿ ಮಾಡು. ಮಾರನೇ ದಿನ ನೋಡಿದರೆ ಈಗ ಗಾಜು ಸರಿ, ಹಣೆ ಭಾರ. ನನ್ನ ಹತ್ತಿರ ನಾಲ್ಕು ಮುಖಗಳಿವೆ, ನಾಲ್ಕೂ ಒಂದೊಂದು ರಾತ್ರಿಯ ಬೆಲೆ. ಇದ್ದ ಬಸ್ಸಾಗಿದ್ದರೆ ಫೋಟೋ ನೋಡಿ ಅಳತೆ ತೆಗೆದು ಒಂದೇ ಏಟಿಗೆ ಮುಗಿಸಬಹುದಿತ್ತು. ಇಲ್ಲದ ಬಸ್ಸಿಗೆ ನೋಡಿ ತೆಗೆಯುವ ಅಳತೆ ಎಲ್ಲಿದೆ? ಕೈಯಲ್ಲಿ ಹಿಡಿದು, ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿದಾಗಲೇ ತಪ್ಪು ಸಿಗುವುದು.

ಹಾಳೆಯ ಬಾಡಿ

ಮೂರನೆಯದು ಹಳೇ ಕಾಲದ ದಾರಿ. ಅರ್ಧ ಮಿ.ಮೀ. ದಪ್ಪದ ಸ್ಟೈರೀನ್ ಪ್ಲಾಸ್ಟಿಕ್ ಹಾಳೆ, ಸ್ಟೀಲ್ ಸ್ಕೇಲು, ಬ್ಲೇಡು. ಗೆರೆ ಎಳೆದು ಬಗ್ಗಿಸಿದರೆ ಟಕ್ ಅಂತ ನೇರವಾಗಿ ಮುರಿಯುತ್ತದೆ. ದ್ರವದ ಸಿಮೆಂಟನ್ನು ಕುಂಚದ ತುದಿಯಿಂದ ಸಂದಿಗೆ ತಾಗಿಸಿದರೆ ತಾನೇ ಒಳಗೆ ಹರಿದುಕೊಂಡು ಎರಡೂ ತುಂಡನ್ನು ಕರಗಿಸಿ ಒಂದು ಮಾಡುತ್ತದೆ.

ಎರಡೂ ಕಡೆ ಸೇರಿ 22 ಕಿಟಕಿ ಕೊರೆಯುವುದು ಮಾತ್ರ ತಪಸ್ಸು. ಮೂಲೆಗಳು ದುಂಡಗಿರಬೇಕು. ಅದಕ್ಕೆ ಮೊದಲು ಪ್ರತಿ ಕಿಟಕಿಯ ನಾಲ್ಕೂ ಮೂಲೆಗೆ ಒಂದೂವರೆ ಮಿ.ಮೀ. ತೂತು ಕೊರೆದೆ. ಆಮೇಲೆ ತೂತಿನಿಂದ ತೂತಿಗೆ ಬ್ಲೇಡು ಎಳೆದೆ. 88 ತೂತು. ಹತ್ತೊಂಬತ್ತನೇ ಕಿಟಕಿಯಲ್ಲಿ ಬ್ಲೇಡು ಜಾರಿ ಕಿಟಕಿಗಳ ನಡುವಿನ ಕಂಬ ತುಂಡಾಯಿತು. ಆಗ ಏನು ಬೈದೆ ಅಂತ ಇಲ್ಲಿ ಬರೆಯುವುದಿಲ್ಲ. ಆದರೆ ಅದೇ ಹಾಳೆಯ ಒಂದು ಪಟ್ಟಿ ಕತ್ತರಿಸಿ ಅಂಟಿಸಿ, ಅರ್ಧ ಗಂಟೆಯಲ್ಲಿ ಮುಂದೆ ಹೋದೆ. ರೆಸಿನ್ ಬಸ್ಸಿನ ಕಂಬ ಮುರಿದಾಗ ಇಷ್ಟು ಸಲೀಸಾಗಿರಲಿಲ್ಲ. ಅದು ಗಾಜಿನ ಹಾಗೆ ಸಿಡಿದು, ಚೂರೇ ಸಿಕ್ಕಿರಲಿಲ್ಲ.

ಈ ದಾರಿಯಲ್ಲಿ ಒಂದು ಗುಂಡಿ ಇದೆ, ನಾನು ಅದರಲ್ಲಿ ಬಿದ್ದೆ. ಗೋಡೆ ಗಟ್ಟಿಯಾಗಲಿ ಅಂತ ಎರಡು ಹಾಳೆಯನ್ನು ಒಂದರ ಮೇಲೊಂದು ಧಾರಾಳವಾಗಿ ಸಿಮೆಂಟ್ ಸುರಿದು ಅಂಟಿಸಿದೆ. ಮೂರು ವಾರದ ನಂತರ ಗೋಡೆ ಹಪ್ಪಳದ ಹಾಗೆ ಸೊಟ್ಟಗಾಯಿತು. ನಡುವೆ ಸಿಕ್ಕಿಕೊಂಡ ದ್ರವಕ್ಕೆ ಹೊರಗೆ ಹೋಗಲು ದಾರಿ ಇರಲಿಲ್ಲ, ಒಳಗೇ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತಾ ಕೂತಿತ್ತು. ಎರಡನೇ ಸಲ ಒಳಗಿನ ಹಾಳೆಗೆ ಅಲ್ಲಲ್ಲಿ ಸಣ್ಣ ತೂತು ಹಾಕಿದೆ, ಸಿಮೆಂಟನ್ನೂ ಕಡಿಮೆ ಮಾಡಿದೆ. ಗೋಡೆ ಇವತ್ತಿಗೂ ನೆಟ್ಟಗಿದೆ.

ಮುಖದ ವಿಷಯಕ್ಕೆ ಬರೋಣ. ಮೊದಲು ರಟ್ಟಿನಲ್ಲಿ ಒಂದು ಮುಖ ಕತ್ತರಿಸಿ ಟೇಪಿನಲ್ಲಿ ಅಂಟಿಸಿದೆ. ನೆಟ್ಟಗಿನ ಮುಖ, ತಗಡಿನ ಡಬ್ಬದಂತೆ ಕಂಡಿತು. ಟೇಪು ಸಡಿಲಿಸಿ ಮೇಲ್ತುದಿಯನ್ನು ಬೆರಳಿನಿಂದ ಹಿಂದಕ್ಕೆ ಒತ್ತಿದೆ. ಒಂದು ಮಿ.ಮೀ. ಸಾಲದು. ಮೂರಾದರೆ ಹಿಂದಕ್ಕೆ ಜಗ್ಗಿದ ಹಾಗೆ. ಎರಡಕ್ಕೆ ಬಂದಾಗ ಬಸ್ಸು ಇದ್ದಕ್ಕಿದ್ದ ಹಾಗೆ ಐವತ್ತರ ದಶಕದ್ದಾಯಿತು. ನಿಜ, ಅಷ್ಟೇ ಬೇಕಾಗಿದ್ದದ್ದು. ಕಂಪ್ಯೂಟರಿನಲ್ಲಿ ನಾಲ್ಕು ರಾತ್ರಿ ತಿಂದ ಪ್ರಶ್ನೆಗೆ ಒಂದು ಬೆರಳು ಹತ್ತು ನಿಮಿಷದಲ್ಲಿ ಉತ್ತರ ಕೊಟ್ಟಿತು.

ಹಾಳೆ ಸೋತದ್ದು ಒಂದೇ ಕಡೆ. ಚಾವಣಿಯ ಮುಂದಿನ ಮತ್ತು ಹಿಂದಿನ ಗುಮ್ಮಟ. ಪದರ ಪದರ ಅಂಟಿಸಿ ಕೆತ್ತಿದೆ, ಒಂದು ಕಡೆ ಉಬ್ಬು ಜಾಸ್ತಿ. ಹಾಳೆ ಬಿಸಿ ಮಾಡಿ ಮರದ ಅಚ್ಚಿನ ಮೇಲೆ ಎಳೆದೆ, ಹರಿಯಿತು. ಕೊನೆಗೆ ನಾಚಿಕೆ ಬಿಟ್ಟು ಪಕ್ಕದಲ್ಲಿದ್ದ ರೆಸಿನ್ ಬಾಡಿಯ ತಲೆಯನ್ನೇ ಕತ್ತರಿಸಿ, ಪದರದ ಮೆಟ್ಟಿಲುಗಳನ್ನು ಉಜ್ಜಿ, ಸೂಪರ್ ಗ್ಲೂನಲ್ಲಿ ಕೂರಿಸಿದೆ. ಚಕ್ರ ಮತ್ತು ಸೀಟುಗಳು ಲೋಹದ ಬಸ್ಸಿನವು. ಹಾಗಾಗಿ ನನ್ನ "ಗೆದ್ದ" ಬಸ್ಸು ಪೂರ್ತಿ ಹಾಳೆಯದೇ ಅಂತ ಹೇಳಿದರೆ ತಪ್ಪಾಗುತ್ತದೆ.

ಕಿಟಕಿ ಗಾಜಿನ ಹೋಲಿಕೆ ಬೇಗ ಮುಗಿಯುತ್ತದೆ. ಡೈಕಾಸ್ಟಿನದು ದಪ್ಪ, ಬಸ್ಸಿನೊಳಗೆ ನೀರು ತುಂಬಿದ ಹಾಗೆ ಕಾಣುತ್ತದೆ. ರೆಸಿನ್ನಿಗೆ 22 ಗಾಜನ್ನೂ ಬಿಡಿಬಿಡಿಯಾಗಿ ಕತ್ತರಿಸಬೇಕು. ಹಾಳೆಯ ಬಾಡಿಯಲ್ಲಿ ಗೋಡೆಯ ಎರಡು ಹಾಳೆಯ ನಡುವೆ ಒಂದೇ ಉದ್ದ ಪಾರದರ್ಶಕ ಪಟ್ಟಿ ತೂರಿಸಿದರೆ ಆಯಿತು. ಗಾಜಿನ ಹತ್ತಿರ ಸೂಪರ್ ಗ್ಲೂ ಮಾತ್ರ ತರಬೇಡಿ, ಅದರ ಆವಿಗೆ ಗಾಜು ಬೆಳ್ಳಗೆ ಮಂಜಾಗುತ್ತದೆ. ಮರಕ್ಕೆ ಹಾಕುವ ಬಿಳಿ ಅಂಟು ಸಾಕು.

ಕೋಲುಗಳು

ಟ್ರಾಲಿ ಬಸ್ಸಿಗೆ ಕೋಲು ಎರಡು ಯಾಕೆ ಅಂತ ಕೇಳುವವರಿದ್ದಾರೆ. ಟ್ರಾಮಿನ ಕರೆಂಟು ಹಳಿಯ ಮೂಲಕ ವಾಪಸ್ ಹೋಗುತ್ತದೆ. ರಬ್ಬರ್ ಟೈರಿನ ಬಸ್ಸಿಗೆ ಆ ದಾರಿ ಇಲ್ಲ, ಆದ್ದರಿಂದ ಎರಡನೇ ತಂತಿ, ಎರಡನೇ ಕೋಲು. ಬ್ರಿಟನ್ನಿನಲ್ಲಿ ತಂತಿಗಳ ನಡುವಿನ ಅಂತರ ಎರಡು ಅಡಿ. ಈ ಸ್ಕೇಲಿನಲ್ಲಿ 8 ಮಿ.ಮೀ. ಕೋಲು ಹೆಚ್ಚೂಕಡಿಮೆ ಬಸ್ಸಿನ ಮುಕ್ಕಾಲು ಉದ್ದ, ದಪ್ಪ ಒಂದು ಮಿ.ಮೀ.ಗೂ ಕಡಿಮೆ. ಇಷ್ಟು ತೆಳ್ಳಗೆ, ಇಷ್ಟು ಉದ್ದ, ಅದೂ ನೇರ. ಕಷ್ಟ ಇರುವುದೇ ಇಲ್ಲಿ.

ಪ್ಲಾಸ್ಟಿಕ್ ಕಡ್ಡಿ ಒಂದು ವಾರದಲ್ಲಿ ಮೀಸೆ ಇಳಿಬಿಟ್ಟ ಹಾಗೆ ಜೋತುಬಿತ್ತು. ಅದರ ಕಥೆ ಅಷ್ಟೇ. 0.8 ಮಿ.ಮೀ. ಹಿತ್ತಾಳೆ ತಂತಿ ನೋಡಲು ಬಹಳ ಚೆಂದ, ಬೆಸುಗೆಯೂ ಹಿಡಿಯುತ್ತದೆ. ಆದರೆ ಅಂಗಿ ತೋಳು ಒಮ್ಮೆ ತಾಗಿತು, ಕೋಲು ಬಾಗಿತು. ಬಾಗಿದ ಹಿತ್ತಾಳೆಯನ್ನು ಎಷ್ಟು ನೇರ ಮಾಡಿದರೂ ಬಾಗಿದ ಜಾಗ ಹೇಳಿಬಿಡುತ್ತದೆ. 0.5 ಮಿ.ಮೀ. ಸ್ಪ್ರಿಂಗ್ ಸ್ಟೀಲ್ ತಂತಿ ತದ್ವಿರುದ್ಧ. ತಾಗಿಸಿ, ಎಳೆಯಿರಿ, ಬಿಟ್ಟ ತಕ್ಷಣ ನೇರ. ಕತ್ತರಿಸುವಾಗ ಮಾತ್ರ ಹಳೇ ಕಟಿಂಗ್ ಪ್ಲೇಯರ್ ಬಳಸಿ, ಹೊಸದರ ಬಾಯಿ ಹಲ್ಲು ಬಿದ್ದ ಹಾಗಾಗುತ್ತದೆ. ಕನ್ನಡಕವೂ ಇರಲಿ, ತುಂಡು ಗುಂಡಿನ ಹಾಗೆ ಹಾರುತ್ತದೆ.

ಸ್ಟೀಲಿನ ಕೊರತೆ ಒಂದೇ, ನಿಜವಾದ ಕೋಲಿನ ಹಾಗೆ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ ಇರುವುದಿಲ್ಲ. ಅದಕ್ಕೆ ಕೆಳಗಿನ ಅರ್ಧಕ್ಕೆ ತೆಳ್ಳನೆಯ ಹಿತ್ತಾಳೆ ಕೊಳವೆ ತೊಡಿಸಿದೆ. ಸೇರುವ ಜಾಗಕ್ಕೆ ಒಂದು ಹನಿ ಅಂಟು ಸವರಿ ಕಪ್ಪು ಬಣ್ಣ ಹೊಡೆದರೆ ಮೆಟ್ಟಿಲು ಕಾಣುವುದಿಲ್ಲ.

ಮೇಲೆ ತಂತಿ ಇಲ್ಲದ ಮೇಜಿನ ಮೇಲೆ ಕೋಲುಗಳು ಗಾಳಿಯಲ್ಲಿ ನಿಂತರೆ ಚೆನ್ನಾಗಿರುವುದಿಲ್ಲ, ಅಲ್ವಾ? ಹಾಗಾಗಿ ಎರಡನ್ನೂ ಕೆಳಗೆಳೆದು ಚಾವಣಿಯ ಹಿಂದಿನ ಕೊಕ್ಕೆಗೆ ಸಿಕ್ಕಿಸಿದ್ದೇನೆ. ನಿಜವಾದ ಬಸ್ಸಿನಲ್ಲಿ ಈ ಕೆಲಸ ಕಂಡಕ್ಟರನದು. ಅದಕ್ಕಾಗಿ ಲಂಡನ್ನಿನ ಬಸ್ಸುಗಳ ಅಡಿಯಲ್ಲಿ ಒಂದು ಉದ್ದ ಕೊಳವೆ, ಅದರೊಳಗೆ ಕೊಕ್ಕೆ ಇರುವ ಬಿದಿರಿನ ಗಳ. ಕೋಲು ತಂತಿ ತಪ್ಪಿದರೆ ಗಳ ಎಳೆದು ಮತ್ತೆ ಏರಿಸಬೇಕಿತ್ತು. ನನ್ನ ಬಸ್ಸಿಗೂ ಕೊಳವೆ ಹಾಕಿದ್ದೇನೆ. ಗಳಕ್ಕೆ ಏನೇನೋ ಹುಡುಕಿ, ಕೊನೆಗೆ ಕಡ್ಡಿ ಪೊರಕೆಯಿಂದ ಒಂದು ಕಡ್ಡಿ ಕಿತ್ತು ತುದಿಗೆ ತಾಮ್ರದ ಎಳೆ ಸುತ್ತಿದೆ. ಬಣ್ಣವೂ ಹೊಡೆಯಬೇಕಾಗಿಲ್ಲ. ಬಸ್ಸನ್ನು ತಲೆಕೆಳಗು ಮಾಡಿದರೆ ಮಾತ್ರ ಸರಕ್ಕನೆ ಹೊರಗೆ ಬೀಳುತ್ತದೆ.